8 ಎಂ.ಎಲ್. ಅಳೆಯೋಕೆ

ಇವತ್ತು ಲ್ಯಾಬಿನಲ್ಲಿ ಒಬ್ಬ ಹುಡುಗಿ 8 ಎಂ.ಎಲ್. ಆಸಿಡ್ ಅಳೆಯೋಕೆ 100 ಎಂ.ಎಲ್. ಸಿಲಿಂಡರ್ (ಗೆರೆ ಹಾಕಿದ ಅಳತೆಯ ಗಾಜಿನ ಕೊಳವೆ) ತಗೊಂಡಿದ್ದಳು. ಕೈಗೆ ಮೊದಲು ಸಿಕ್ಕಿದ್ದು ಅದೇ.

"ತಂಗಿ, ಅದರಲ್ಲಿ ಒಂದು ಗೆರೆ ಅಂದ್ರೆ 1 ಎಂ.ಎಲ್., ಅರ್ಧ ಗೆರೆ ಹೆಚ್ಚುಕಮ್ಮಿ ಆದರೂ ನಿನ್ನ ಎಂಟರಲ್ಲಿ ನೂರಕ್ಕೆ ಆರರಷ್ಟು ತಪ್ಪು" ಅಂದೆ. 10 ಎಂ.ಎಲ್.ದು ಕೊಟ್ಟೆ. ಅದರಲ್ಲಿ ಗೆರೆಗೆ ಬರೀ 0.2. ಬೇಕಾದಷ್ಟು ಹಿಡಿಸುವುದರಲ್ಲಿ ಎಲ್ಲಕ್ಕಿಂತ ಸಣ್ಣದನ್ನೇ ತಗೋಬೇಕು, ಅಲ್ವಾ?

ಆಸಿಡ್ ಹಾಕಿ, ಸಿಲಿಂಡರ್ ಎತ್ತಿ ಕಣ್ಣಿಗೆ ಹಿಡಿದಳು. ಬೇಡ, ಕೈಯಲ್ಲಿ ವಾಲುತ್ತೆ, ಮೇಜಿನ ಮೇಲಿಟ್ಟು ನೀನೇ ಬಗ್ಗು ಅಂದೆ. ಬಗ್ಗಿದಳು. ಕಿಟಕಿಯಿಂದ ನಮ್ಮ ವಿಜಯಪುರದ ಮಧ್ಯಾಹ್ನದ ಬಿಸಿಲು ನೇರ ಗಾಜಿನ ಮೇಲೆ. ಅಂಚಿನಲ್ಲಿ ಏರಿ ನಡುವೆ ಸಣ್ಣ ಬಟ್ಟಲಿನ ಹಾಗೆ ತಗ್ಗಿದ ಆ ಮೇಲ್ಮೈಯ ತಳ, ಗೆರೆಗೆ ಇನ್ನೂ ಕೂದಲೆಳೆಯಷ್ಟು ಕೆಳಗಿತ್ತು. ಡ್ರಾಪರಿನಿಂದ ಒಂದು ಹನಿ. ಇನ್ನೊಂದು. ಉಸಿರು ಬಿಗಿಹಿಡಿದಿದ್ದಳು, ನಾನೂ. (ಪರ್ಮಾಂಗನೇಟ್‌ನಂಥ ಗಾಢ ಬಣ್ಣದ್ದಾದರೆ ತಳ ಕಾಣಲ್ಲ, ಮೇಲಂಚನ್ನೇ ಓದಬೇಕು.)

"ಸರ್, ಈಗ ಕೂತಿತು!"

ಮನೆಗೆ ಬರುವಾಗ ದಾರಿಯುದ್ದಕ್ಕೂ ಅವ್ವನೇ ನೆನಪು. ಜೋಳ ಅಳೆಯುವಾಗ ಸೇರು ತುಂಬಿ, ಬಾಯಿಯನ್ನು ಅಂಗೈಯಿಂದ ಸವರಿ ಸಮ ಮಾಡಿ, ಒಂದು ಗಳಿಗೆ ಸುಮ್ನೆ ನೋಡುತ್ತಿದ್ದಳು.