9983ರೊಳಗೆ ಕಳೆದುಹೋದ ಸರ್ವೆಯವರು

ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ತೋಟದ ಗಡಿ ಅಳೆಸಬೇಕೆಂದರೆ ಜನ ಸಿಗುತ್ತಾರೆ. ಉಪಗ್ರಹದ ಸಿಗ್ನಲ್ ಹಿಡಿದು ಜಾಗ ಗುರುತಿಸುವ ಒಂದು ರೋವರ್, ಕೋನ ಮತ್ತು ದೂರ ಅಳೆಯುವ ಒಂದು ಟೋಟಲ್ ಸ್ಟೇಷನ್, ಅದರ ಪ್ರಿಸಂ ಕೋಲು ಹಿಡಿಯಲು ಇಬ್ಬರು ಹುಡುಗರು, ಒಂದು ಜೀಪು. ಇಷ್ಟಾದರೆ ತಂಡ ತಯಾರು. ಆದರೆ ಇಂಥ ತಂಡಗಳು ಕೊಡಗಿನಲ್ಲಿ ಎಷ್ಟಿವೆ, ವರ್ಷಕ್ಕೆ ಎಷ್ಟು ದುಡಿಯುತ್ತವೆ ಎಂದು ಸರ್ಕಾರಿ ಅಂಕಿಅಂಶದಲ್ಲಿ ಹುಡುಕಿದರೆ ಕೈಗೆ ಏನೂ ಹತ್ತುವುದಿಲ್ಲ. ಯಾರೂ ಮುಚ್ಚಿಟ್ಟಿದ್ದಾರೆಂದಲ್ಲ. ಲೆಕ್ಕದ ಪುಸ್ತಕದಲ್ಲಿ ಅವರಿಗೆಂದು ಬೇರೆ ಸಾಲೇ ಇಲ್ಲ.

ದೇಶದ ಜಿಯೋಸ್ಪೇಷಿಯಲ್ ಉದ್ಯಮ, ಅಂದರೆ ಸರ್ವೆ, ನಕ್ಷೆ, ಸ್ಥಳಮಾಹಿತಿಯ ಉದ್ಯಮ, 2025ಕ್ಕೆ ಸುಮಾರು 63,000 ಕೋಟಿ ರೂಪಾಯಿ ಮುಟ್ಟುತ್ತದೆ ಎಂಬ ಮಾತನ್ನು 2022ರಿಂದ ಕೇಳುತ್ತಿದ್ದೇವೆ. ಅದು ಉದ್ಯಮದ ಕಡೆಯವರೇ ಕಟ್ಟಿದ ಅಂದಾಜು. ಮಂತ್ರಿಗಳ ಭಾಷಣಕ್ಕೆ ಹೋದದ್ದು ಆಮೇಲೆ. ಅಂದಾಜು ಮಾಡಿದ್ದು ತಪ್ಪಲ್ಲ. ಅದನ್ನು ಸರಿ ತಪ್ಪು ಎಂದು ತಾಳೆ ನೋಡಲು ಸರ್ಕಾರದ ಬಳಿ ಇನ್ನೊಂದು ಲೆಕ್ಕ ಇಲ್ಲವಲ್ಲ, ತಕರಾರು ಅಲ್ಲಿದೆ.

ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಯನ್ನೇ ನೋಡಿ. ಅಲ್ಲಿ ಕೇಳುವ, ಉದ್ದಿಮೆ ಯಾವ ಬಗೆಯದೆಂದು ಹೇಳುವ ಎನ್‌ಐಸಿ ಸಂಕೇತದಲ್ಲಿ ಸರ್ವೆ, ನಕ್ಷೆ ಕೆಲಸ ಬರುವುದು 71100ರಲ್ಲಿ. ಮನೆ ಪ್ಲಾನ್ ಹಾಕುವ ಆರ್ಕಿಟೆಕ್ಟ್, ಸೇತುವೆ ವಿನ್ಯಾಸದ ಎಂಜಿನಿಯರ್ ಎಲ್ಲರದ್ದೂ ಅದೇ ಸಂಖ್ಯೆ. ಇನ್ನು ಜಿಎಸ್‌ಟಿ. ಅಲ್ಲಿ ನೆಲದ ಸರ್ವೆ ಮತ್ತು ನಕ್ಷೆ ತಯಾರಿಕೆಗೆ 998344 ಎಂಬ ಆರಂಕಿ ಸಂಕೇತ ಮೊದಲಿಂದಲೂ ಇದೆ. ಆದರೆ ಆರೂ ಅಂಕಿ ಬರೆಯುವ ಕಡ್ಡಾಯ ಇರುವುದು ವಹಿವಾಟು ವರ್ಷಕ್ಕೆ 5 ಕೋಟಿ ದಾಟಿದವರಿಗೆ ಮಾತ್ರ. 2021ರ ಏಪ್ರಿಲ್‌ನಿಂದ ಉಳಿದವರಿಗೆ ನಾಲ್ಕು ಅಂಕಿ ಸಾಕು: 9983. ಆ ನಾಲ್ಕರ ಕೆಳಗೆ ಜಾಹೀರಾತು ಏಜೆನ್ಸಿಯೂ ಇದೆ, ಫೋಟೊ ಸ್ಟುಡಿಯೋವೂ ಇದೆ. ಮದುವೆ ಮಂಟಪದ ಮೇಲೆ ಹಾರುವ ಡ್ರೋನ್, ಬಾಣೆಯ (ಗದ್ದೆಗೆ ಸೇರಿದ ಏರುಜಮೀನಿನ) ಗಡಿ ಅಳೆಯುವ ಡ್ರೋನ್ ಎರಡರ ಬಿಲ್ಲೂ 9983 ಆಗಿ ಒಂದೇ ಗುಡ್ಡೆಗೆ ಬೀಳುತ್ತದೆ. ವಾರ್ಷಿಕ ವಹಿವಾಟು 20 ಲಕ್ಷ ದಾಟದ ತಂಡಕ್ಕೆ ನೋಂದಣಿಯೇ ಬೇಕಿಲ್ಲವಾದ್ದರಿಂದ ಅದು ಈ ಗುಡ್ಡೆಯಲ್ಲೂ ಇರುವುದಿಲ್ಲ.

ಡ್ರೋನ್ ದಾಖಲೆಯಿಂದ ಎಣಿಸೋಣ ಎಂದರೆ, 2021ರ ನಿಯಮದಲ್ಲಿ ಡ್ರೋನಿಗೆ ಯುಐಎನ್ ಎಂಬ ಗುರುತಿನ ಸಂಖ್ಯೆ ಕೊಡುವಾಗ ವರ್ಗ ಮಾಡುವುದು ತೂಕ ನೋಡಿ. 250 ಗ್ರಾಂ ಮೇಲ್ಪಟ್ಟು 2 ಕೆಜಿವರೆಗೆ ಮೈಕ್ರೊ, 25 ಕೆಜಿವರೆಗೆ ಸ್ಮಾಲ್. ಏನು ಕೆಲಸಕ್ಕೆ ಹಾರುತ್ತದೆ ಎಂಬುದು ವರ್ಗದಲ್ಲಿ ತಿಳಿಯುವುದಿಲ್ಲ. ಪರವಾನಗಿ ಪಡೆದ ಭೂಮಾಪಕರ ಪಟ್ಟಿ ಭೂಮಾಪನ ಇಲಾಖೆಯಲ್ಲಿದೆ, ನಿಜ. ಅದು 11ಇ ನಕ್ಷೆ (ಜಮೀನಿನ ಭಾಗ ಮಾರುವ ಮುಂಚೆ ಬೇಕಾದ ನಕ್ಷೆ), ಪೋಡಿಗೆ (ಸರ್ವೆ ನಂಬರ್ ಒಡೆಯುವುದಕ್ಕೆ) ಸಂಬಂಧಪಟ್ಟ ಪಟ್ಟಿ. ಅವರ ಹತ್ತಿರ ಯಾವ ಉಪಕರಣ ಇದೆ, ಖಾಸಗಿ ಕೆಲಸ ಎಷ್ಟು ಎಂಬುದು ಅದರಿಂದ ಗೊತ್ತಾಗದು.

ತಂಡ, ಉಪಕರಣ ಎಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇಲ್ಲಿಯ ನೆಲ. ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ರೊಬಸ್ಟಾ. ಇವುಗಳ ನಡುವೆ ನಿಂತರೆ ರೋವರ್‌ಗೆ ಆಕಾಶ ಕಾಣುವುದಿಲ್ಲ, ಸಿಕ್ಕ ಸಿಗ್ನಲ್ಲೂ ಕಾಂಡಕ್ಕೆ, ಎಲೆಗೆ ತಾಗಿ ಬಂದದ್ದು. ಪರದೆಯಲ್ಲಿ 'ಫಿಕ್ಸ್' (ಲೆಕ್ಕ ಗಟ್ಟಿಯಾಗಿದೆ) ಎಂದಿದ್ದರೆ ತಪ್ಪು ಸಾಮಾನ್ಯವಾಗಿ ಒಂದೆರಡು ಸೆಂಟಿಮೀಟರ್. 'ಫ್ಲೋಟ್'ಗೆ (ಲೆಕ್ಕ ಇನ್ನೂ ಗಟ್ಟಿಯಾಗಿಲ್ಲ) ಇಳಿದರೆ ಅರ್ಧ ಮೀಟರ್, ಮರ ದಟ್ಟವಾಗಿದ್ದರೆ ಒಂದು ಮೀಟರೂ ಆಗಬಹುದು. 100 ಮೀಟರ್ ಉದ್ದದ ಗಡಿ 1 ಮೀಟರ್ ಜರುಗಿತೆನ್ನಿ, 100 ಚದರ ಮೀಟರ್, ಹೆಚ್ಚುಕಡಿಮೆ ಎರಡೂವರೆ ಸೆಂಟ್ ಪಕ್ಕದವರಿಗೆ ಹೋಯಿತು. ಎರಡು ಮನೆಯವರು ಮಾತು ಬಿಡಲು ಅಷ್ಟು ಸಾಕು.

ಹಾಗಾಗಿ ಕೆಲಸ ತಿಳಿದವರು ಕಾಫಿ ಕಣದಲ್ಲೋ ಗದ್ದೆ ಬಯಲಲ್ಲೋ, ಒಂದರಿಂದ ಇನ್ನೊಂದು ಕಾಣುವಂಥ ಎರಡು ಬಿಂದು ಆರಿಸಿಕೊಳ್ಳುತ್ತಾರೆ. ಅಲ್ಲಿ ರೋವರ್‌ನಲ್ಲಿ ಅಳತೆ ಹಿಡಿದು, ಟೋಟಲ್ ಸ್ಟೇಷನ್ ಇಟ್ಟು ಬಿಂದುವಿನಿಂದ ಬಿಂದುವಿಗೆ ಅಳೆಯುತ್ತ (ಇದೇ ಟ್ರಾವರ್ಸ್) ಮರಗಳ ಒಳಗೆ ಹೋಗಿ, ಹೊರಟ ಬಿಂದುವಿಗೇ ಬಂದು ಮುಗಿಸುತ್ತಾರೆ. ತಪ್ಪಿದ್ದರೆ ಆಗ ತಿಳಿಯುತ್ತದೆ. ಮೊಬೈಲ್ ನೆಟ್‌ವರ್ಕ್ ಇಲ್ಲದ ಕಡೆ ಕೋರ್ಸ್ (CORS) ಎಂಬ, ಒಂದೇ ಕಡೆ ನಿಂತು ಉಪಗ್ರಹ ಸಿಗ್ನಲ್ ಹಿಡಿಯುವ ಕೇಂದ್ರದ ತಿದ್ದುಪಡಿ ಇಂಟರ್ನೆಟ್ಟಿನಲ್ಲಿ ಬರುವುದಿಲ್ಲ. ಆಗ ತಿದ್ದುಪಡಿ ಕೊಡುವ ಸ್ವಂತ ರಿಸೀವರ್ (ಬೇಸ್) ನಿಲ್ಲಿಸಬೇಕು, ಅಥವಾ ಒಂದು ತಾಸು ಅಲುಗಿಸದೆ ಇಟ್ಟು ಸ್ಟ್ಯಾಟಿಕ್ ಓದು ಹಿಡಿದು ಆಫೀಸಿಗೆ ಬಂದು ಲೆಕ್ಕ ಬಿಡಿಸಬೇಕು. ಬಯಲುಸೀಮೆಯಲ್ಲಿ ಅರ್ಧ ದಿನಕ್ಕೆ ಮುಗಿಯುವ ಐದು ಎಕರೆ ಇಲ್ಲಿ ಎರಡು ದಿನ ತಿನ್ನುತ್ತದೆ. ಬೇರೆ ಜಿಲ್ಲೆಯ 'ತಂಡಕ್ಕೆ ದಿನಕ್ಕೆ ಇಷ್ಟು ಎಕರೆ' ಎಂಬ ಸರಾಸರಿ ಹಿಡಿದು ಕೊಡಗಿಗೆ ಟೆಂಡರ್ ಕರೆದರೆ ಒಂದೋ ಕೆಲಸ ನಿಲ್ಲುತ್ತದೆ, ಇಲ್ಲವೇ ಫ್ಲೋಟ್ ಬಿಂದುಗಳೇ ನಕ್ಷೆಯಾಗುತ್ತವೆ. ಎರಡನೆಯದು ಹೆಚ್ಚು ಅಪಾಯ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ.

2022ರ ರಾಷ್ಟ್ರೀಯ ಜಿಯೋಸ್ಪೇಷಿಯಲ್ ನೀತಿ 2030ಕ್ಕೆ ಇಟ್ಟಿರುವ ಗುರಿಯಲ್ಲಿ ಅಂಕಿಗಳು ಖಚಿತವಾಗಿವೆ. ಪಟ್ಟಣ, ಹಳ್ಳಿಗೆ 5ರಿಂದ 10 ಸೆಂಟಿಮೀಟರ್ ವಿವರದ ಮ್ಯಾಪಿಂಗ್, ಕಾಡಿಗೆ 50ರಿಂದ 100. ಗುಡ್ಡಗಾಡಿಗೆ 1ರಿಂದ 3 ಮೀಟರ್‌ನ ಎತ್ತರದ ಮಾದರಿ. ನೆರಳಿನ ತೋಟ ಇದರಲ್ಲಿ ಹಳ್ಳಿಯೋ ಕಾಡೋ? ಹಳ್ಳಿ ಎಂದು ಹಿಡಿದು ಡ್ರೋನ್ ಫೋಟೊ ತೆಗೆದರೆ ಸಿಗುವುದು ಓಕ್ ಮರದ ತಲೆಯ ಎತ್ತರ, ನೆಲದ್ದಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಕುಸಿದಂಥ ಇಳಿಜಾರಿನ ಲೆಕ್ಕಕ್ಕೆ ಬೇಕಾದ್ದು ನೆಲ. ಅದಕ್ಕೆ ಎಲೆಗಳ ಸಂದಿಯಿಂದ ಲೇಸರ್ ಇಳಿಸಿ ಅಳೆಯುವ ಲೈಡಾರ್ ಬೇಕು. ಲೈಡಾರ್ ಹಾರಿಸಿ, ಬಂದ ಬಿಂದುಗಳಲ್ಲಿ ಮರ ಬೇರೆ ನೆಲ ಬೇರೆ ಮಾಡಬಲ್ಲವರು ರಾಜ್ಯದಲ್ಲಿ ಎಷ್ಟು ಜನ? ನೀತಿಯಲ್ಲಿ ನಕ್ಷೆಗೆ ಅಂಕಿ ಇದೆ, ನಕ್ಷೆ ಮಾಡುವವರಿಗೆ ಅಂಕಿ ಇಲ್ಲ.

ಮೊದಲ ರಿಪೇರಿ ಸಣ್ಣದು: 9983ರಡಿ ಬಿಲ್ ಮಾಡುವ ಎಲ್ಲರಿಂದಲೂ ಆರೂ ಅಂಕಿ ಬರೆಸಿ. ಇನ್ನೆರಡು ಅಂಕಿ ಹೊಡೆಯುವುದಷ್ಟೇ.

ಆದರೆ ಬಿಲ್ಲುಗಳನ್ನು ಸುಮ್ಮನೆ ಕೂಡಿಸಿದರೆ ಹೊಸ ಎಡವಟ್ಟು. ಬೆಂಗಳೂರಿನ ಕಂಪನಿ 10 ಲಕ್ಷದ ಕೆಲಸ ಹಿಡಿದು ವಿರಾಜಪೇಟೆಯ ತಂಡಕ್ಕೆ 6 ಲಕ್ಷಕ್ಕೆ ಒಳಗುತ್ತಿಗೆ ಕೊಟ್ಟರೆ ವಹಿವಾಟು 16 ಲಕ್ಷ ಎಂದು ಕಾಣುತ್ತದೆ. ನಡೆದದ್ದು 10 ಲಕ್ಷದ ಕೆಲಸ. ತಂಡ 20 ಲಕ್ಷದ ಕೆಳಗಿದ್ದು ನೋಂದಣಿ ಇಲ್ಲದಿದ್ದರೆ ಪೂರ್ತಿ 10 ಲಕ್ಷವೂ ಬೆಂಗಳೂರಿನ ಖಾತೆಗೆ, ಕೊಡಗಿಗೆ ಸೊನ್ನೆ. ಅದಕ್ಕೇ ಸರ್ಕಾರ ಈ ತಂಡಗಳನ್ನೇ ಕೇಳುವ ಸಮೀಕ್ಷೆ ಮಾಡಬೇಕು; ಅದರ ಫಾರಂನಲ್ಲಿ ಹೊರಗೆ ಕೊಟ್ಟ ಹಣ ಎಷ್ಟು, ಕೆಲಸ ನಡೆದದ್ದು ಯಾವ ತಾಲ್ಲೂಕಿನಲ್ಲಿ ಎಂಬ ಎರಡು ಕಲಂ ಬೇಕೇ ಬೇಕು. ರೋವರ್, ಟೋಟಲ್ ಸ್ಟೇಷನ್, ಲೈಡಾರ್ ಎಷ್ಟು, ಸ್ವಂತದ್ದೋ ಬಾಡಿಗೆಯದ್ದೋ ಎಂದೂ ಕೇಳಬೇಕು. ಕೋಲು ಹಿಡಿಯುವ ಹುಡುಗರನ್ನು 'ಕೂಲಿ' ಎಂದು ಬರೆದುಕೊಂಡು ಬಿಡಬಾರದು; ನಾಲ್ಕು ಸೀಸನ್ ಕಳೆದರೆ ಉಪಕರಣ ನಡೆಸುವವರು ಅವರೇ.

ಇನ್ನು ಸಮೀಕ್ಷೆಯವರು ಬಂದು ಕೇಳುವ ತಿಂಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಡ್ರೋನ್ ಪೆಟ್ಟಿಗೆಯಲ್ಲಿರುತ್ತದೆ, ಟೋಟಲ್ ಸ್ಟೇಷನ್ನಿನ ಗಾಜಿಗೆ ಮಂಜು ಕಟ್ಟುತ್ತದೆ, ಹುಡುಗರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಜುಲೈನಲ್ಲಿ ಬಂದು 'ಕಳೆದ 30 ದಿನದಲ್ಲಿ ಎಷ್ಟು ಕೆಲಸ' ಎಂದು ಕೇಳಿದರೆ ಸೊನ್ನೆ ಬರೆಯುತ್ತಾರೆ. ಅದನ್ನು ಹನ್ನೆರಡರಿಂದ ಗುಣಿಸಿದರೂ ಸೊನ್ನೆಯೇ.