ನದಿ ದಾಟುವುದನ್ನು ಕಾಯುತ್ತ: ಮಸಾಯಿ ಮಾರಾ ಪ್ರವಾಸಕ್ಕೆ ಹೊರಡುವವರಿಗೆ

ನಾಗರಹೊಳೆ, ಬಂಡೀಪುರಗಳ ಸಫಾರಿ ಮಾಡಿ ಅಭ್ಯಾಸವಿರುವ ನಮ್ಮಂಥವರು ಆಫ್ರಿಕಾದ ಕಾಡಿಗೆ ಹೊರಟಾಗ ಮಾಡುವ ಮೊದಲ ತಪ್ಪೆಂದರೆ, ಅಲ್ಲಿಯೂ ಎರಡು ಸುತ್ತು ಹೋಗಿ ಬಂದರೆ ಮುಗಿಯಿತು ಎಂದುಕೊಳ್ಳುವುದು. ಮೈಸೂರಿನ ನಮ್ಮ ಮನೆಯ ನಾಲ್ವರು, ಅಂದರೆ ನಾನು, ನನ್ನ ಹೆಂಡತಿ, ಹನ್ನೊಂದು ವರ್ಷದ ಮಗ ಮತ್ತು ಅರವತ್ತನಾಲ್ಕು ದಾಟಿದ ನನ್ನ ಅಮ್ಮ, 2024ರ ಆಗಸ್ಟ್‌ನಲ್ಲಿ ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗಿ ಬಂದೆವು. ಅದೇ ದಾರಿಯಲ್ಲಿ ಹೊರಡುವ ಯೋಚನೆ ಇರುವವರಿಗೆ ನೆರವಾಗಲೆಂದು ನಮ್ಮ ಅನುಭವವನ್ನು, ದುಡ್ಡಿನ ಲೆಕ್ಕವೂ ಸೇರಿದಂತೆ, ಇಲ್ಲಿ ಬರೆದಿದ್ದೇನೆ.

ಮೊದಲು ಕಾಲದ ವಿಷಯ. ಹದಿಮೂರು ಲಕ್ಷದಷ್ಟು ವೈಲ್ಡ್‌ಬೀಸ್ಟ್‌ಗಳು (ದನದಂತೆ ಕಾಣುವ ದೊಡ್ಡ ಹುಲ್ಲೆಗಳು), ಜೊತೆಗೆ ಲಕ್ಷಗಟ್ಟಲೆ ಜೀಬ್ರಾಗಳು ಮತ್ತು ಗೆಜೆಲ್ ಎಂಬ ಸಣ್ಣ ಹುಲ್ಲೆಗಳು ಮಳೆ ಮತ್ತು ಹೊಸ ಹುಲ್ಲನ್ನು ಹಿಂಬಾಲಿಸಿ ವರ್ಷವಿಡೀ ತಿರುಗುತ್ತಿರುತ್ತವೆ. ಫೆಬ್ರುವರಿಯ ಹೊತ್ತಿಗೆ ಟಾಂಜಾನಿಯಾದ ಸೆರೆಂಗೆಟಿಯ ದಕ್ಷಿಣ ಭಾಗದಲ್ಲಿ ಕರು ಹಾಕುವ ಈ ಹಿಂಡುಗಳು ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ಗಡಿಯ ಈಚೆಗಿನ ಮಾರಾದಲ್ಲಿರುತ್ತವೆ. ಈ ಎರಡೂ ಒಂದೇ ಹುಲ್ಲುಗಾವಲಿನ ತುಂಡುಗಳು. ನಡುವೆ ಬೇಲಿ ಇಲ್ಲ. ಸೆರೆಂಗೆಟಿ 14,763 ಚದರ ಕಿಲೋಮೀಟರ್ ಇದ್ದರೆ, ಮಾರಾ ಸಂರಕ್ಷಿತ ಪ್ರದೇಶ ಅದರ ಹತ್ತನೇ ಒಂದು ಭಾಗದಷ್ಟು, ಸುಮಾರು 1,510 ಚದರ ಕಿಲೋಮೀಟರ್. ಜಾಗ ಚಿಕ್ಕದಾದ್ದರಿಂದ ಪ್ರಾಣಿಗಳು ಬೇಗ ಕಾಣುತ್ತವೆ. ಅದೇ ಕಾರಣಕ್ಕೆ ವಾಹನಗಳೂ ಬೇಗ ಕಾಣುತ್ತವೆ. ಮಾರ್ಚ್‌ನಿಂದ ಮೇ ತಿಂಗಳವರೆಗೆ ದೊಡ್ಡ ಮಳೆ. ಮಾರಾದ ಬಹುಪಾಲು ನೆಲ ನಮ್ಮ ಬಿಜಾಪುರದ ಕಡೆಯ ಎರೆಮಣ್ಣಿನಂಥದ್ದು. ಒಂದು ಮಳೆ ಬಿದ್ದರೆ ಚಕ್ರ ಹೂತುಕೊಳ್ಳುತ್ತದೆ. ದರ ಕಡಿಮೆ ಎಂದು ಆ ತಿಂಗಳುಗಳನ್ನು ಆರಿಸಿಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು.

ನಾವು ಮೊದಲು ಮಾತಾಡಿದ ಏಜೆಂಟ್ ಏಳು ದಿನಕ್ಕೆ ನಾಲ್ಕು ಜಾಗಗಳ ಪಟ್ಟಿ ಕಳುಹಿಸಿದ್ದರು: ಕಿಲಿಮಂಜಾರೋ ಪರ್ವತ ಕಾಣುವ ಅಂಬೊಸೆಲಿ, ಖಡ್ಗಮೃಗಗಳಿಗೆ ಹೆಸರಾದ ನಕುರು, ನೈವಾಶಾ ಸರೋವರ, ಕೊನೆಗೆ ಎರಡು ರಾತ್ರಿ ಮಾರಾ. ಕಾಗದದ ಮೇಲೆ ಅದು ತುಂಬಿದ ತಟ್ಟೆಯಂತೆ ಕಾಣುತ್ತಿತ್ತು. ಆದರೆ ನಕ್ಷೆ ತೆಗೆದು ಕೂತಾಗ, ಅಂಬೊಸೆಲಿ ನೈರೋಬಿಯ ಆಗ್ನೇಯಕ್ಕೂ ಮಾರಾ ಪಶ್ಚಿಮಕ್ಕೂ ಇರುವುದರಿಂದ ಒಂದರಿಂದ ಇನ್ನೊಂದಕ್ಕೆ ಹೋಗಲು ಇಡೀ ದಿನ ರಸ್ತೆಯಲ್ಲೇ ಕಳೆಯಬೇಕೆಂಬುದು ತಿಳಿಯಿತು. ಅಮ್ಮನ ಬೆನ್ನುನೋವು ನೆನೆದು ನಾವು ಅಂಬೊಸೆಲಿ, ನಕುರು ಎರಡನ್ನೂ ಕೈಬಿಟ್ಟೆವು. ನೈರೋಬಿಯಲ್ಲಿ ಒಂದು ರಾತ್ರಿ, ನೈವಾಶಾದಲ್ಲಿ ಒಂದು, ಮಾರಾದಲ್ಲಿ ನಾಲ್ಕು ಎಂದು ಗೊತ್ತುಮಾಡಿಕೊಂಡೆವು. ಹೋಗಿ ಬಂದ ಮೇಲೆ ಹೇಳುವುದಾದರೆ, ಇಡೀ ಸಿದ್ಧತೆಯಲ್ಲಿ ನಾವು ಮಾಡಿದ ಒಳ್ಳೆಯ ತೀರ್ಮಾನ ಇದೊಂದೇ; ಉಳಿದವುಗಳಲ್ಲಿ ಒಂದಲ್ಲ ಒಂದು ಕಡೆ ಎಡವಿದ್ದೇವೆ.

ಕಾಗದಪತ್ರಗಳ ಪೈಕಿ ಹೆಚ್ಚು ಗಮನ ಬೇಡುವುದು ಹಳದಿ ಜ್ವರದ ಲಸಿಕೆ. ಕೀನ್ಯಾದಿಂದ ಭಾರತಕ್ಕೆ ಮರಳುವಾಗ ಲಸಿಕೆಯ ಹಳದಿ ಪುಸ್ತಕ ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಬೆಲೆ ಬರುವುದರಿಂದ ಕೊನೆಯ ವಾರಕ್ಕೆ ಇದನ್ನು ಉಳಿಸಿಕೊಳ್ಳಬಾರದು. ಒಮ್ಮೆ ಹಾಕಿಸಿದರೆ ಜೀವನಪರ್ಯಂತ ಸಾಕು. ಇದು ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ, ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ. ಅವುಗಳಲ್ಲೂ ಕೆಲವು ಕಡೆ ವಾರದ ನಿಗದಿತ ದಿನಗಳಲ್ಲಿ ಮಾತ್ರ ಕೊಡುತ್ತಾರೆ. ಅರವತ್ತು ದಾಟಿದವರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು. ಅಮ್ಮನ ವಿಷಯದಲ್ಲಿ ವೈದ್ಯರು ಹಳೆಯ ರಿಪೋರ್ಟುಗಳನ್ನೆಲ್ಲ ನೋಡಿದ ಮೇಲಷ್ಟೇ ಒಪ್ಪಿಗೆ ಕೊಟ್ಟರು. ಅವರ ಒಪ್ಪಿಗೆ ಸಿಗುವವರೆಗೆ ನಾವು ವಿಮಾನದ ಟಿಕೆಟ್ ತೆಗೆದಿರಲಿಲ್ಲ. ಮಲೇರಿಯಾ ಮಾತ್ರೆಯ ಬಗ್ಗೆಯೂ ಅದೇ ಭೇಟಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ವೀಸಾ ಈಗ ಇಲ್ಲ. 2024ರ ಜನವರಿಯಿಂದ ಅದರ ಬದಲು ಇ-ಟಿಎ ಎಂಬ ಮುಂಗಡ ಅನುಮತಿಯನ್ನು ಅಂತರ್ಜಾಲದಲ್ಲೇ ಪಡೆಯಬೇಕು. ಮಕ್ಕಳಿಗೂ ಬೇರೆಯಾಗಿ ಬೇಕು. ಶುಲ್ಕ ತಲೆಗೆ ಸುಮಾರು ಮೂವತ್ತು ಡಾಲರ್. ಇದೇ ಹೆಸರಿನಲ್ಲಿ ಎರಡು ಮೂರು ಪಟ್ಟು ದುಡ್ಡು ಕೇಳುವ ಖಾಸಗಿ ಜಾಲತಾಣಗಳಿವೆ. ಕೀನ್ಯಾ ಸರ್ಕಾರದ ತಾಣವೇ ಹೌದೆಂದು ವಿಳಾಸವನ್ನು ಎರಡು ಬಾರಿ ನೋಡಿಕೊಳ್ಳಿ.

ಇನ್ನು ನಮಗೆ ನಿಜವಾಗಿಯೂ ನೋವು ಕೊಟ್ಟ ವಿಷಯ. ಮಾರಾದ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್. ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ಈ ಬದಲಾವಣೆ ನಾವು ಹೋದ ವರ್ಷವೇ ಜಾರಿಗೆ ಬಂದದ್ದು. ನಮಗೆ ಬಂದ ಅಂದಾಜು ಪಟ್ಟಿಯಲ್ಲಿ 'ಪ್ರವೇಶ ಶುಲ್ಕ ಸೇರಿದೆ' ಎಂದಷ್ಟೇ ಇತ್ತು, ಯಾವ ದರದಲ್ಲಿ ಎಂದು ಇರಲಿಲ್ಲ, ನಾವೂ ಕೇಳಲಿಲ್ಲ. ಮುಂಗಡ ಕಟ್ಟಿದ ಮೇಲೆ, ಲೆಕ್ಕ ಹಾಕಿದ್ದು ನೂರು ಡಾಲರ್‌ನಂತೆ ಎಂದೂ ವ್ಯತ್ಯಾಸ ಕೊಡಬೇಕೆಂದೂ ಪತ್ರ ಬಂತು. ಮೂವರು ದೊಡ್ಡವರಿಗೆ ಮೂರು ದಿನಕ್ಕೆ 900 ಡಾಲರ್ ಹೆಚ್ಚುವರಿ. ವಾದ ಮಾಡಿದೆವು, ಸ್ವಲ್ಪ ಇಳಿಸಿದರು, ಉಳಿದದ್ದನ್ನು ತೆತ್ತೆವು. ಆದ್ದರಿಂದ ಅಂದಾಜು ಪಟ್ಟಿಯಲ್ಲಿ ಶುಲ್ಕ ಎಷ್ಟು, ಎಷ್ಟು ದಿನಕ್ಕೆ, ತಲೆಗೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ವಸತಿ ಗೇಟಿನ ಒಳಗೋ ಹೊರಗೋ, ವಾಹನ ನಿಮಗೊಬ್ಬರಿಗೋ ಬೇರೆಯವರ ಜೊತೆ ಹಂಚಿಕೊಳ್ಳಬೇಕೋ ಎಂಬುದನ್ನೂ ಅದರಲ್ಲೇ ನಮೂದಿಸಲಿ.

ಗೇಟಿನ ಹೊರಗೆ ಉಳಿಯುವವರಿಗೆ ಟಿಕೆಟ್ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ ನಡೆಯುತ್ತದೆ. ಇದರ ಅರ್ಥವನ್ನು ಸರಿಯಾಗಿ ತಿಳಿದುಕೊಂಡರೆ ದುಡ್ಡು ಉಳಿಯುತ್ತದೆ. ದಾರಿಯ ಪ್ರಯಾಣ ಮುಗಿಸಿ ಮಧ್ಯಾಹ್ನ ಮೂರೂವರೆಗೆ ತಲುಪಿದವರನ್ನು 'ಸಂಜೆ ಒಂದು ಸುತ್ತು' ಎಂದು ಕರೆದೊಯ್ಯುವ ವಾಡಿಕೆಯಿದೆ. ಎರಡು ಗಂಟೆಯ ಆ ಸುತ್ತಿಗೂ ಇಡೀ ದಿನದ ಶುಲ್ಕವೇ. ನಾವು ಆ ಸಂಜೆ ಒಳಗೆ ಹೋಗಲಿಲ್ಲ. ಬದಲು ಮಾರನೆಯ ದಿನದಿಂದ ಮೂರು ದಿನವೂ ಆರು ಗಂಟೆಗೆ ಗೇಟಿನ ಮುಂದೆ ನಿಂತು, ಬುತ್ತಿ ಕಟ್ಟಿಸಿಕೊಂಡು, ಹನ್ನೆರಡು ಗಂಟೆಯನ್ನೂ ಒಳಗೇ ಕಳೆದೆವು. ಕಬಿನಿಯಲ್ಲಿ ಮೂರು ಗಂಟೆಯ ಸಫಾರಿಗೆ ಒಗ್ಗಿಹೋದ ಮೈಗೆ ಇದು ಬೇರೆಯೇ ಲೋಕ.

ವಾಹನದಲ್ಲಿ ಎರಡು ಬಗೆ: ಚಾವಣಿ ಎತ್ತುವ ವ್ಯಾನ್ ಮತ್ತು ಲ್ಯಾಂಡ್ ಕ್ರೂಸರ್. ದುಡ್ಡು ಉಳಿಸಲು ಹೋಟೆಲಿನ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿದರೂ ಚಿಂತೆಯಿಲ್ಲ, ಲ್ಯಾಂಡ್ ಕ್ರೂಸರ್ ಬಿಡಬೇಡಿ. ಎರಡನೆಯ ದಿನ ಒಂದು ಗಂಟೆ ಸುರಿದ ಮಳೆಗೆ ತಗ್ಗಿನಲ್ಲಿ ಮೂರು ವ್ಯಾನುಗಳು ಸಿಕ್ಕಿಕೊಂಡದ್ದನ್ನು ನಾವೇ ನೋಡಿದೆವು; ಅವುಗಳಲ್ಲಿ ಒಂದನ್ನು ನಮ್ಮ ಗಾಡಿಯೇ ಹಗ್ಗ ಕಟ್ಟಿ ಎಳೆಯಿತು. ಅಂದ ಹಾಗೆ, ಸ್ವಾಹಿಲಿಯಲ್ಲೂ ಗಾಡಿಗೆ 'ಗಾರಿ' ಎನ್ನುತ್ತಾರೆ, ಚಪಾತಿಗೆ ಚಪಾತಿ ಎಂದೇ. ಹಿಂದೂ ಮಹಾಸಾಗರದ ವ್ಯಾಪಾರ ಮತ್ತು 1896ರ ನಂತರ ರೈಲು ಹಳಿ ಹಾಕಲು ಬಂದ ಭಾರತದ ಕೂಲಿಗಳು ಉಳಿಸಿದ ಗುರುತುಗಳು ಅಲ್ಲಿನ ಮಾತಿನಲ್ಲೂ ಅಡುಗೆಯಲ್ಲೂ ಇವೆ. 'ಸಿಂಬಾ' ಮಾತ್ರ ನಮ್ಮ ಸಿಂಹದಿಂದ ಬಂದದ್ದಲ್ಲ. ಅದು ಅಪ್ಪಟ ಬಾಂಟು ಪದ, ಹೋಲಿಕೆ ಆಕಸ್ಮಿಕ.

ನಮ್ಮ ಚಾಲಕರು ಅಮ್ಮನನ್ನು ಮೊದಲ ದಿನದಿಂದ 'ಮಾಮಾ' ಎಂದು ಕರೆಯುತ್ತಿದ್ದರು. ಹಿರಿಯ ಹೆಂಗಸರಿಗೆ ಅಲ್ಲಿ ಗೌರವದ ಸಂಬೋಧನೆ ಅದು. "ನಾನು ಯಾವಾಗ ಇವನಿಗೆ ಸೋದರಮಾವ ಆದೆನೋ?" ಎಂದು ಅಮ್ಮ ಮೊದಲು ನಕ್ಕರು, ಆಮೇಲೆ ತಾವೂ ಕನ್ನಡದಲ್ಲೇ "ಸ್ವಲ್ಪ ನಿಧಾನ ಹೋಗಪ್ಪ" ಎನ್ನತೊಡಗಿದರು. ಚಾಲಕರು 'ಪೋಲೆ ಪೋಲೆ' (ನಿಧಾನ, ನಿಧಾನ) ಎಂದು ತಲೆಯಾಡಿಸಿ ವೇಗ ತಗ್ಗಿಸುತ್ತಿದ್ದರು.

ಮೊದಲ ದಿನ ಹತ್ತೂವರೆಗೆ, ಹಿಂಡುಗಳು ದಾಟುವ ಮಾರಾ ನದಿಯ ದಡ ತಲುಪಿದೆವು. ಎದುರು ದಡದಲ್ಲಿ ವೈಲ್ಡ್‌ಬೀಸ್ಟ್‌ಗಳು ಇರುವೆ ಸಾಲಿನಂತೆ ಬಂದು ಗುಂಪುಗೂಡುತ್ತಿದ್ದವು. ಕೆಳಗೆ ಕಂದು ನೀರಿನಲ್ಲಿ ನೀರಾನೆಗಳ ಬೆನ್ನು, ಮರಳಿನ ಮೇಲೆ ಬಾಯಿ ತೆರೆದು ಮಲಗಿದ ಎರಡು ಮೊಸಳೆ. ಇನ್ನೇನು ಇಳಿದವು ಎನ್ನುವಾಗ ಮುಂದಿದ್ದವು ತಿರುಗಿ ನಿಲ್ಲುತ್ತಿದ್ದವು, ಹಿಂದಿದ್ದವು ನೂಕುತ್ತಿದ್ದವು. ಹನ್ನೆರಡಾಯಿತು, ಒಂದಾಯಿತು. ಗಾಡಿಯಲ್ಲೇ ಬುತ್ತಿ ಬಿಚ್ಚಿದೆವು. ಎರಡರ ಸುಮಾರಿಗೆ ಒಂದು ಜೀಬ್ರಾ ಕಡಿದಾದ ದಡವಿಳಿದು ಬಂದು ಮುಂಗಾಲನ್ನು ನೀರಿಗಿಟ್ಟು, ಮೂತಿ ತಾಗಿಸಿ, ಅಷ್ಟೇ ನಿಧಾನವಾಗಿ ಹಿಂದಕ್ಕೆ ಸರಿಯಿತು. ಅದು ಹತ್ತುತ್ತಿದ್ದಂತೆಯೇ ಇಡೀ ಹಿಂಡು ಬೆದರಿ ದೂಳೆಬ್ಬಿಸಿಕೊಂಡು ಬಯಲಿಗೆ ಓಡಿಹೋಯಿತು. ಸುಮಾರು ಮೂರೂವರೆ ಗಂಟೆ ಕಾದು ಬರಿಗೈಯಲ್ಲಿ ಹಿಂತಿರುಗಿದೆವು. ಎರಡು ರಾತ್ರಿಯ ಯೋಜನೆಯಲ್ಲಿ ಬಂದಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮೂರನೆಯ ದಿನ ಅದೇ ನದಿಯ ಇನ್ನೊಂದು ತಿರುವಿನಲ್ಲಿ, ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಕಳೆಯುವುದರೊಳಗೆ, ಯಾವ ಮುನ್ಸೂಚನೆಯೂ ಇಲ್ಲದೆ ಒಂದು ವೈಲ್ಡ್‌ಬೀಸ್ಟ್ ನೀರಿಗೆ ಹಾರಿತು. ಅದರ ಹಿಂದೆ ಸಾವಿರಾರು. ಕಣ್ಣಿಗಿಂತ ಮೊದಲು ಕಿವಿಗೆ ಬಿದ್ದದ್ದು ಆ ಗುಟುರು: ಸಾವಿರ ಕಪ್ಪೆಗಳೂ ಎಮ್ಮೆಗಳೂ ಒಟ್ಟಿಗೆ ಕೂಗಿದಂತೆ. ಒಂದು ಕರು ಮೂರು ಸಲ ದಡ ಹತ್ತಲು ಹೋಗಿ ಜಾರಿ, ನಾಲ್ಕನೆಯ ಸಲ ಮೇಲೆ ಬಂದು ತಾಯಿಗಾಗಿ ಹಿಂಡಿನೊಳಗೆ ಹುಡುಕಾಡುತ್ತಿತ್ತು. ಮಗ ಕ್ಯಾಮೆರಾ ಮರೆತು ಅದನ್ನೇ ನೋಡುತ್ತಿದ್ದ. ಮೊಸಳೆ ಒಂದನ್ನೂ ಹಿಡಿಯಲಿಲ್ಲ. ಅಥವಾ ಹಿಡಿದದ್ದು ನಮಗೆ ಕಾಣಲಿಲ್ಲ.

ಇಲ್ಲಿ ಕಹಿಯಾದ ಮಾತೊಂದನ್ನು ಹೇಳಲೇಬೇಕು. ಆ ದಡದಲ್ಲಿ ನಲವತ್ತಕ್ಕೂ ಹೆಚ್ಚು ಗಾಡಿಗಳಿದ್ದವು. ಹಿಂಡು ಮೇಲೇರುವ ದಾರಿಗೇ ಅಡ್ಡವಾಗಿ ಕೆಲವರು ನುಗ್ಗಿಸಿದರು, ಅದೂ ಪ್ರವಾಸಿಗರ ಒತ್ತಾಯಕ್ಕೆ. ಒಂದು ಪ್ರಾಣಿಯ ಬಳಿ ಐದು ವಾಹನ ಮಾತ್ರ, ದಾರಿ ಬಿಟ್ಟು ಇಳಿಯಬಾರದು ಎಂಬ ನಿಯಮಗಳು ಇವೆ. ಚಾಲಕರಿಗೆ ಮೊದಲ ದಿನವೇ "ನಮಗೆ ಹತ್ತಿರದ ಫೋಟೋ ಬೇಡ, ದೂರ ನಿಂತರೂ ಸಾಕು" ಎಂದು ತಿಳಿಸಿಬಿಡಿ, ಅವರಿಗೂ ನಿರಾಳ. ಈ ಸಂದಣಿ ಬೇಡವೆನ್ನುವವರು, ಖರ್ಚು ಹೆಚ್ಚಾದರೂ, ಮಾರಾಕ್ಕೆ ಹೊಂದಿಕೊಂಡಿರುವ ನಬೋಯಿಶೋ, ಮಾರಾ ನಾರ್ತ್‌ನಂಥ ಕನ್ಸರ್ವೆನ್ಸಿಗಳಲ್ಲಿ ಉಳಿಯಬಹುದು. ಮಸಾಯಿ ಜನ ತಮ್ಮ ಜಮೀನನ್ನು ಗುತ್ತಿಗೆಗೆ ಕೊಟ್ಟು ನಡೆಯುವ ಜಾಗಗಳವು; ಗಾಡಿಗಳ ಸಂಖ್ಯೆಗೆ ಅಲ್ಲಿ ಮಿತಿಯಿದೆ, ರಾತ್ರಿ ಸಫಾರಿಗೂ ಅವಕಾಶವಿದೆ.

ನದಿಯ ಗುಂಗಿನಲ್ಲಿ ಉಳಿದದ್ದನ್ನು ಮರೆಯಬಾರದು. ನಮ್ಮ ಮನೆಯವರೆಲ್ಲರ ಮೆಚ್ಚಿನ ಗಳಿಗೆ ಹುತ್ತದ ಮೇಲೆ ಕೂತ ಚೀತಾ. ಕಣ್ಣಿನಿಂದ ಬಾಯಿಯವರೆಗೆ ಇಳಿದ ಕಪ್ಪು ಗೆರೆಯೇ ಅದನ್ನು ಚಿರತೆಯಿಂದ ಬೇರೆ ಮಾಡುವ ಗುರುತು ಎಂದು ಮಗ ಅಜ್ಜಿಗೆ ಪಾಠ ಹೇಳಿದ. ಮೈಸೂರು ಮೃಗಾಲಯದಲ್ಲಿ ತಲೆಯೆತ್ತಿ ನೋಡಿದ ಜಿರಾಫೆಯನ್ನು ಇಲ್ಲಿ ಹನ್ನೊಂದರ ಹಿಂಡಿನಲ್ಲಿ, ಜಾಲಿಮರಗಳ ತಲೆ ಸವರುತ್ತ ನಡೆಯುವಾಗ ಕಂಡದ್ದು ಇನ್ನೊಂದು.

ಸಣ್ಣಪುಟ್ಟ ಸಂಗತಿಗಳು ಕೆಲವು. ಭೂಮಧ್ಯರೇಖೆಯ ಹತ್ತಿರವಿದ್ದರೂ ಮಾರಾ ಸಮುದ್ರಮಟ್ಟದಿಂದ 1,500 ಮೀಟರಿಗಿಂತ ಎತ್ತರದಲ್ಲಿದೆ. ಬೆಳಗಿನ ಗಾಳಿಗೆ ಸ್ವೆಟರ್, ಟೋಪಿ ಬೇಕೇ ಬೇಕು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧವಿದೆ, 2020ರಿಂದ ಸಂರಕ್ಷಿತ ಪ್ರದೇಶಗಳಲ್ಲಿ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಗೂ. ಚಟ್ನಿಪುಡಿ, ಹುರಿದ ಅವಲಕ್ಕಿಗಳನ್ನು ಡಬ್ಬಿಯಲ್ಲೇ ತುಂಬಿಕೊಳ್ಳಿ. ಸಸ್ಯಾಹಾರಿಗಳು ಹೆದರಬೇಕಿಲ್ಲ, ನಮ್ಮ ವಸತಿಯಲ್ಲಿ ದಿನವೂ ಬೇಳೆ, ಚಪಾತಿ ಇತ್ತು. ಬುತ್ತಿಗೆ ಮಾತ್ರ ಹಿಂದಿನ ರಾತ್ರಿಯೇ ಹೇಳಬೇಕು. ಪ್ಲಗ್ ಚಪ್ಪಟೆ ಮೂರು ಪಿನ್ನಿನದು. ಪ್ರತಿಯೊಬ್ಬರಿಗೂ ಒಂದೊಂದು ಬೈನಾಕ್ಯುಲರ್ ಇರಲಿ, ಒಂದನ್ನೇ ಕೈಬದಲಿಸುವಷ್ಟರಲ್ಲಿ ಪ್ರಾಣಿ ಮಾಯವಾಗಿರುತ್ತದೆ. ಗಾಡಿಯಿಂದ ಇಳಿಯುವಂತಿಲ್ಲ, ಶೌಚಾಲಯಗಳು ದೂರ ದೂರ. ಹಿರಿಯರಿದ್ದರೆ ಗೇಟಿನಲ್ಲೇ ಇದನ್ನು ಮುಗಿಸಿ, ಮುಂದಿನದು ಎಲ್ಲಿ ಎಂದು ಚಾಲಕರನ್ನು ಕೇಳಿಟ್ಟುಕೊಳ್ಳಿ. ನೈರೋಬಿಯಿಂದ ರಸ್ತೆಯಲ್ಲಿ ಐದಾರು ಗಂಟೆಯ ದಾರಿ. ಬೆನ್ನುನೋವಿನವರು ವಿಲ್ಸನ್ ನಿಲ್ದಾಣದಿಂದ ಚಿಕ್ಕ ವಿಮಾನ ಹಿಡಿಯಬಹುದು, ಆದರೆ ಸಾಮಾನು ಹದಿನೈದು ಕಿಲೋ ಮೀರುವಂತಿಲ್ಲ, ಅದೂ ಮೆತ್ತನೆಯ ಚೀಲದಲ್ಲಿ.

ಚಾಲಕರಿಗೆ ಕೊಡುವ ಭಕ್ಷೀಸಿನ ಲೆಕ್ಕವನ್ನು ಮೊದಲೇ ಎತ್ತಿಡಿ; ನಾವು ದಿನಕ್ಕೆ ಹದಿನೈದು ಡಾಲರ್‌ನಂತೆ ಲಕೋಟೆಯಲ್ಲಿ ಹಾಕಿ ವಿಮಾನ ನಿಲ್ದಾಣದಲ್ಲಿ ಕೊಟ್ಟೆವು. ಅಮ್ಮ ಉಳಿದಿದ್ದ ಚಟ್ನಿಪುಡಿಯ ಡಬ್ಬಿಯನ್ನೂ ಅವರ ಕೈಗಿಟ್ಟರು. ಉಗಾಲಿ ಎಂಬ ಮೆಕ್ಕೆಜೋಳದ ಹಿಟ್ಟಿನ ಮುದ್ದೆಗೆ ಅದನ್ನು ಹಚ್ಚಿಕೊಂಡು ಮೂರು ದಿನದಿಂದ ತಿನ್ನುತ್ತಿದ್ದವರು ಅವರು. "ಅಸಾಂತೆ ಸಾನಾ, ಮಾಮಾ" ಎಂದು ಡಬ್ಬಿಯನ್ನು ಲಕೋಟೆಗಿಂತ ಮೊದಲು ಚೀಲಕ್ಕೆ ಸೇರಿಸಿದರು.