ಪಿಂಗ್ 125 ಅಂದರೆ ಒಂದು ಮಾತ್ರೆ

ಗೆಳೆಯರ ಆನ್‌ಲೈನ್ ಆಟದ ಮೇಲೆ ಕುಣಿಯೋ ಹಾಡು ಕಟ್ಟುವವರು ಮೊದಲು ಎಡವುವುದು ಒಂದೇ ಕಡೆ. ಒಬ್ಬ ತೀರ್ಥಹಳ್ಳಿಯಲ್ಲಿ, ಒಬ್ಬ ಸಾಗರದಲ್ಲಿ, ಮತ್ತೊಬ್ಬ ಬೆಂಗಳೂರಿನ ಪಿಜಿಯಲ್ಲಿ ಕೂತು, ಆಟ ಆಡಿದ ಹಾಗೇ ಕಾಲ್‌ನಲ್ಲಿ ಒಟ್ಟಿಗೆ ಹಾಡಲು ಹೊರಡುತ್ತಾರೆ. ಆಗುವ ಕೆಲಸವಲ್ಲ.

ಲೆಕ್ಕ ನೋಡಿ. ನಿಮಿಷಕ್ಕೆ 120 ಬೀಟ್ ಇಟ್ಟರೆ ಒಂದು ಬೀಟ್ ಅರ್ಧ ಸೆಕೆಂಡ್. ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ; ಬೀಟಿಗೆ ನಾಲ್ಕು ಮಾತ್ರೆಯಂತೆ ಪದ ಕೂರಿಸಿದರೆ ಮಾತ್ರೆಗೆ 125 ಮಿಲಿಸೆಕೆಂಡ್. ಪಿಂಗ್, ಅಂದರೆ ಸಂದೇಶ ಸರ್ವರಿಗೆ ಹೋಗಿ ಬರುವ ಹೊತ್ತು, 125 ಮಿಲಿಸೆಕೆಂಡ್ ಇದ್ದರೂ ಆಟ ಹೇಗೋ ಸಾಗುತ್ತದೆ. ಹಾಡಿನಲ್ಲಿ ಪೂರಾ ಒಂದು ಮಾತ್ರೆ ತಪ್ಪಿತು. ಕಾಲ್‌ನಲ್ಲಿ ದನಿ ಇನ್ನೂ ತಡ. ಇವನಿಗಾಗಿ ಅವನು, ಅವನಿಗಾಗಿ ಇವನು ನಿಧಾನಿಸುತ್ತಾ ಹೋಗಿ ಕುಣಿತ ಜೋಗುಳವಾಗುತ್ತದೆ.

ಹಾಗಾಗಿ ಒಬ್ಬೊಬ್ಬರೂ ಇದ್ದಲ್ಲೇ ಬೇರೆಬೇರೆ ರೆಕಾರ್ಡ್ ಮಾಡಿ. ಬೀಟಿಗೊಮ್ಮೆ ಟಕ್ ಅನ್ನುವ ಒಂದೇ ಕ್ಲಿಕ್ ಟ್ರ್ಯಾಕ್ ಎಲ್ಲರಿಗೂ ಕಳಿಸಿ. ಕ್ಲಿಕ್ ಕಿವಿಯಲ್ಲಿರಲಿ, ವೈರ್ ಇರುವ ಇಯರ್‌ಫೋನ್‌ನಲ್ಲೇ. ಬ್ಲೂಟೂತ್ ತಾನೇ 100-200 ಮಿಲಿಸೆಕೆಂಡ್ ತಿನ್ನುತ್ತದೆ. ನಾಲ್ಕು ಎಣಿಸಿ, ಒಂದು ಚಪ್ಪಾಳೆ ಹೊಡೆದು, ಆಮೇಲೆ ಹಾಡಿ. ಅಡಾಸಿಟಿ ಎಂಬ ದನಿ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಎಲ್ಲರ ಚಪ್ಪಾಳೆಯ ಮೊನೆ ಒಂದೇ ಗೆರೆಗೆ ತಂದರೆ ಮುಗಿಯಿತು.

ಪಲ್ಲವಿಗೆ ಬೀಟಿಗೊಂದು ಪದ ಸಾಕು:

ನೆಟ್ಟೂ ಹೋಯ್ತೋ ಬಾರೋ ಮಾರಾಯ್

ಪ್ರತಿ ಪದಕ್ಕೂ ಎರಡು ಗುರು (ಎರಡು ಮಾತ್ರೆಯ ಅಕ್ಷರ), ಒಟ್ಟು ನಾಲ್ಕು ಮಾತ್ರೆ. ರೂಢಿಯಂತೆ ‘ಮಾರಾಯ’ ಅಂದಿರೋ ಐದಾಯಿತು, ಕಾಲು ತೊಡರುತ್ತದೆ. ‘ರೀಕನೆಕ್ಟಿಂಗ್’ ಏಳು ಮಾತ್ರೆಯ ಪದ. ಎರಡು ಬೀಟಿಗೆ ಹರಡಿ, ಕೊನೆಯ ಮಾತ್ರೆ ಖಾಲಿ ಬಿಡಿ. ಆ ಖಾಲಿಯಲ್ಲಿ ಡೊಳ್ಳಿನ ಒಂದು ಪೆಟ್ಟು ಬಿದ್ದರೆ ಚೆಂದ.

ಡೊಳ್ಳಿನ ವಿಷಯ. ಮಳೆಗಾಲದಲ್ಲಿ ತೊಗಲು ಥಂಡಿ ಹಿಡಿದು ಸಡಿಲವಾಗಿ ಬದ್ ಬದ್ ಅನ್ನುತ್ತದೆ; ಬೆಂಕಿಯ ಕಾವು ತೋರಿಸಿ ಬಿಗಿ ಬರಿಸಿಕೊಳ್ಳಿ. ಫೋನ್ ಆರೆಂಟು ಅಡಿ ದೂರ ಇಡಿ, ಹತ್ತಿರವಿದ್ದರೆ ದನಿ ಒಡೆಯುತ್ತದೆ. ಕೇಳುವವರೂ ಫೋನಿನಲ್ಲೇ ಕೇಳುವವರು. ಆ ಪುಟ್ಟ ಸ್ಪೀಕರಿಗೆ ಡೊಳ್ಳಿನ ಗುಂ ದಕ್ಕುವುದಿಲ್ಲ, ಕೋಲಿನ ಟಕ್ ದಕ್ಕುತ್ತದೆ. ಈಕ್ವಲೈಜರ್‌ನಲ್ಲಿ 2000ದಿಂದ 4000 ಹರ್ಟ್ಜ್ ತುಸು ಏರಿಸಿ.

ತಗಡಿನ ಮಾಡಿನ ಕೆಳಗೆ ಮಳೆಯಲ್ಲಿ ಹಾಡಬೇಡಿ, ಆ ಸದ್ದು ಯಾವ ಫಿಲ್ಟರಿಗೂ ಬಗ್ಗದು. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆಗೆದು, ಅದರತ್ತ ಬೆನ್ನು ಮಾಡಿ ನಿಲ್ಲಿ, ತಲೆ ಮೇಲೆ ಕಂಬಳಿ.

ಆಟದೊಳಗಿನ ಗುಂಡಿನ ಸದ್ದು, ಸಂಗೀತ ಎತ್ತಿ ಹಾಕಿದರೆ ಕಾಪಿರೈಟ್ ತಕರಾರು ಬರಬಹುದು. ಒಣಗಿದ ಅಡಿಕೆ ಹಾಳೆಯನ್ನು ನೆಲಕ್ಕೆ ಬಡಿಯಿರಿ, ಅದೇ ಗುಂಡು.

ಇನ್ನು ಲ್ಯಾಗ್, ಅಂದರೆ ನೆಟ್ ತಡವಾಗಿ ಆಟ ತಡೆದು ನಿಲ್ಲುವುದು. ಅದನ್ನೂ ಹಾಡಿಗೆ ತನ್ನಿ. ಎರಡನೇ ಪಲ್ಲವಿಯ ನಡುವೆ ಎಲ್ಲ ಸದ್ದೂ ಗಪ್ಪನೆ ನಿಲ್ಲಲಿ, ಕುಣಿಯುವವರು ಎತ್ತಿದ ಕಾಲಲ್ಲೇ ನಿಲ್ಲಲಿ. ನಾಲ್ಕೇ ಬೀಟ್, ಎರಡು ಸೆಕೆಂಡ್. ಎಂಟು ಬಿಟ್ಟರೆ, ನಮ್ಮ ಕಡೆ, ಕರೆಂಟ್ ಹೋಯ್ತು ಅಂತ ಟಾರ್ಚ್ ಹುಡುಕುತ್ತಾರೆ.